ಝರ್ಮಟ್ಟೋ, ಸಾಸ್-ಫೇಯೋ?
ಎರಡೂ ಸ್ವಿಟ್ಜರ್ಲೆಂಡಿನ ವಾಲೆ ಪ್ರಾಂತ್ಯದ ಊರುಗಳು. ಎರಡಕ್ಕೂ ಪ್ರವಾಸಿಗರೇ ಅನ್ನದಾತರು. ನಿಮ್ಮ ಕಾರನ್ನು ಎರಡೂ ಒಳಗೆ ಬಿಡುವುದಿಲ್ಲ.

ಝರ್ಮಟ್ ಮೊದಲು ಬಡ ಕುರುಬರ, ರೈತರ ಹಳ್ಳಿ. 1865ರಲ್ಲಿ ಮ್ಯಾಟರ್‌ಹಾರ್ನ್ ಶಿಖರವನ್ನು ಮೊದಲ ಸಲ ಏರಿದ ಏಳು ಜನರಲ್ಲಿ ನಾಲ್ವರು ಇಳಿಯುವಾಗ ಸತ್ತರು. ಆ ಸುದ್ದಿಯಿಂದಲೇ ಊರು ಯುರೋಪಿಗೆಲ್ಲ ಗೊತ್ತಾಯಿತು. ವಿಚಿತ್ರ ಅಲ್ವಾ? 1891ರಲ್ಲಿ ರೈಲು ಬಂತು. 1898ರಲ್ಲಿ ಊರಿನ ಮೇಲಿರುವ ಗೋರ್ನರ್‌ಗ್ರಾಟ್ ಬೆಟ್ಟದವರೆಗೂ ಹಳಿ ಹತ್ತಿತು. ಹೋಟೆಲ್ ದುಡ್ಡೆಲ್ಲ ಹೊರಗಿನವರ ಪಾಲೂ ಆಗಲಿಲ್ಲ. ಹಳೆಯ ಮನೆತನಗಳ ಸಂಘವೇ ಇಂದು ಹಲವು ಹೋಟೆಲ್‌ಗಳ ಒಡೆಯ.

ಸಾಸ್-ಫೇಗೆ ರಸ್ತೆ ಬಂದದ್ದೇ 1951ರಲ್ಲಿ. ಅಲ್ಲಿಯವರೆಗೆ ಕಾಲ್ನಡಿಗೆ, ಇಲ್ಲವೇ ಹೇಸರಗತ್ತೆ. 1984ರಲ್ಲಿ ಸುರಂಗ ರೈಲು ಶುರುವಾಗಿ, ಸುಮಾರು 3,500 ಮೀಟರ್ ಎತ್ತರದ ಹಿಮಕ್ಕೆ ದಾರಿಯಾಯಿತು.

ಮ್ಯಾಟರ್‌ಹಾರ್ನ್ ನೋಡಲೇಬೇಕೆಂದರೆ ಝರ್ಮಟ್. ಖರ್ಚು, ಜನ ಎರಡೂ ಜಾಸ್ತಿ. ಸುಮ್ನೆ ಹಿಮನದಿ ನೋಡುತ್ತ ಕೂರಲು ನಾನಾದರೆ ಸಾಸ್-ಫೇ ಆರಿಸುತ್ತೇನೆ. ಕೆಳಗಿನ ಕಣಿವೆಯ ಫಿಸ್ಪ್ ಊರಿನಿಂದ ಅಲ್ಲಿಗೆ ಅಂಚೆ ಬಸ್ಸು (ಸ್ವಿಸ್ ಅಂಚೆಯವರ ಪ್ರಯಾಣಿಕರ ಬಸ್ಸು) ಸಿಗುತ್ತದೆ.