ಯೂಮಿಕ್-1 ಮೈಕ್ ಮತ್ತು ನಮ್ಮ ಹಾಲ್‌ನ ಸಬ್‌ವೂಫರ್: ಎರಡು ಮಳೆಗಾಲ ಕಳೆದ ಮೇಲೆ

ಕಾಸರಗೋಡಿನ ಬದಿಯಡ್ಕದ ಹತ್ತಿರ ನಮ್ಮ ಹಳೆಮನೆ ಹಂಚಿನದು, ಮರದ ಮುಚ್ಚಿಗೆ. ಅಲ್ಲಿ ನಾಲ್ಕು ವರ್ಷ ನಮ್ಮ ಹತ್ತು ಇಂಚಿನ ಸಬ್‌ವೂಫರ್ (ತಗ್ಗು ಸ್ವರಕ್ಕೆಂದೇ ಇರುವ ಸ್ಪೀಕರ್ ಪೆಟ್ಟಿಗೆ) ಮೂಲೆಯಲ್ಲೇ ಇತ್ತು, ಒಂದು ದಿನವೂ ತಕರಾರು ಬರಲಿಲ್ಲ. ಪಕ್ಕದಲ್ಲಿ ಮುರಕಲ್ಲಿನ ಟೆರೇಸ್ ಮನೆ ಕಟ್ಟಿ ಅದೇ ಪೆಟ್ಟಿಗೆಯನ್ನು ಹೊಸ ಹಾಲ್‌ನ ಮೂಲೆಯಲ್ಲಿಟ್ಟು ತಾಳಮದ್ದಳೆಯ ರೆಕಾರ್ಡಿಂಗ್ ಹಾಕಿದ ದಿನವೇ ಅಬ್ಬೆ ಅಡುಗೆ ಕೋಣೆಯಿಂದ ಬಂದಳು. "ಎಂತರೋ ಇದು, ಭಾಗವತರು ಕೊಡಪಾನದ ಒಳ ಕೂದೊಂಡು ಪದ ಹೇಳಿದ ಹಾಂಗೆ ಕೇಳ್ತು!"

ಅಬ್ಬೆ ಹೇಳಿದ್ದು ಅಕ್ಷರಶಃ ಸರಿ. ಸಬ್‌ವೂಫರೇ ಹಾಳಾಯಿತೆಂದುಕೊಂಡು ವಾಲ್ಯೂಮ್ ತಗ್ಗಿಸಿದೆ, ದಪ್ಪ ಪರದೆ ಹಾಕಿದೆ, ಕಾರ್ಪೆಟ್ ಹಾಸಿದೆ. ಏನೂ ಬದಲಾಗಲಿಲ್ಲ. ಕೊನೆಗೆ ಮಿನಿಡಿಎಸ್‌ಪಿ ಕಂಪೆನಿಯ ಯೂಮಿಕ್-1 ಎಂಬ ಅಳತೆ ಮೈಕ್ ತರಿಸಿದೆ. ನಾನು ಹೇಳಹೊರಟಿರುವುದು ಮುಖ್ಯವಾಗಿ ಅದರ ಬಗ್ಗೆ.

ಇದು ಹಾಡಿಗೆ, ಭಾಷಣಕ್ಕೆ ಆಗುವ ಮೈಕ್ ಅಲ್ಲ. ಯುಎಸ್‌ಬಿ ವಯರ್‌ನಲ್ಲಿ ಲ್ಯಾಪ್‌ಟಾಪ್‌ಗೆ ಚುಚ್ಚಿದರೆ ಸಾಕು, ಬೇರೆ ಸೌಂಡ್ ಕಾರ್ಡ್ ಬೇಡ. ಪ್ರತಿ ಮೈಕ್‌ಗೂ ಅದರದೇ ಸೀರಿಯಲ್ ನಂಬರ್, ಕಂಪೆನಿಯ ವೆಬ್‌ಸೈಟಿನಲ್ಲಿ ಆ ನಂಬರ್ ಹಾಕಿದರೆ ಅದರದೇ ಕ್ಯಾಲಿಬ್ರೇಷನ್ ಫೈಲ್, ಅಂದರೆ ಆ ಮೈಕ್‌ನ ಸಣ್ಣಪುಟ್ಟ ತಪ್ಪನ್ನು ಸರಿಪಡಿಸುವ ಪಟ್ಟಿ, ಸಿಗುತ್ತದೆ. ಜೊತೆಗೆ ಬೇಕಾದ ಸಾಫ್ಟ್‌ವೇರ್ ರೂಮ್ ಇಕ್ಯೂ ವಿಝರ್ಡ್, ಅದು ಉಚಿತ. ತಗ್ಗು ಸ್ವರದಿಂದ ಮೇಲಿನ ಸ್ವರಕ್ಕೆ ಏರುತ್ತಾ ಹೋಗುವ ಒಂದು ನಾದವನ್ನು ಅದು ಸ್ಪೀಕರ್‌ನಲ್ಲಿ ನುಡಿಸುತ್ತದೆ, ಕೂತ ಜಾಗದಲ್ಲಿ ಯಾವ ಸ್ವರ ಎಷ್ಟು ಕೇಳಿತೆಂದು ಗೆರೆ ಎಳೆದು ತೋರಿಸುತ್ತದೆ.

ನಮ್ಮ ಹಾಲ್ 5 ಮೀಟರ್ ಉದ್ದ, 3.6 ಮೀಟರ್ ಅಗಲ. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಹೆಚ್ಚುಕಡಿಮೆ 345 ಮೀಟರ್. ಅದನ್ನು ಉದ್ದದ ಎರಡು ಪಟ್ಟಿನಿಂದ ಭಾಗಿಸಿದರೆ 34.5 ಹರ್ಟ್ಝ್ (ಸೆಕೆಂಡಿಗೆ ಅಷ್ಟು ಕಂಪನ; ಸುಲಭಕ್ಕೆ 34 ಎನ್ನುತ್ತೇನೆ), ಅಗಲದ ಎರಡು ಪಟ್ಟಿನಿಂದ ಭಾಗಿಸಿದರೆ 48. ಈ ಸ್ವರಗಳು ಎದುರುಬದುರು ಗೋಡೆಗಳ ನಡುವೆ ಸಿಕ್ಕಿಕೊಂಡು ಮೊಳಗುತ್ತಲೇ ಇರುತ್ತವೆ. ಹಳೆಮನೆಯಲ್ಲಿ ಹಂಚಿನ ಸಂದು, ತೆಳು ಹಲಗೆ ಎಲ್ಲ ಸೇರಿ ಬಾಸನ್ನು ಹೊರಗೆ ಬಿಡುತ್ತಿದ್ದವು. ಮುರಕಲ್ಲು ಮತ್ತು ಕಾಂಕ್ರೀಟು ಬಿಡುವುದಿಲ್ಲ. 34 ಹರ್ಟ್ಝ್‌ನ ಅಲೆ ಹತ್ತು ಮೀಟರ್ ಉದ್ದ, ಅದರ ಮುಂದೆ ಪರದೆ ಯಾವ ಲೆಕ್ಕ?

ಗೆರೆ ನೋಡಿದಾಗ ನನಗೆ ನಿಜಕ್ಕೂ ಮೈ ಜುಮ್ಮೆಂದಿತು. ಸೋಫಾದ ನಡುವೆ 48ರಲ್ಲಿ ದೊಡ್ಡ ಹೊಂಡ. ಕಿಟಕಿ ಪಕ್ಕದ ಅಪ್ಪನ ಕುರ್ಚಿಯಲ್ಲಿ ಅದೇ 48 ಗುಡ್ಡ. ಒಂದೇ ಕೋಣೆಯಲ್ಲಿ ಇಬ್ಬರು ಕೂತು ಎರಡು ಬೇರೆ ಸಬ್‌ವೂಫರ್ ಕೇಳುತ್ತಿದ್ದೆವು. ನನಗೆ ಸಾಲದೆಂದು ನಾನು ಏರಿಸುವುದು, ಅಪ್ಪನಿಗೆ ಕಿವಿಗೆ ಬಡಿಯುತ್ತದೆಂದು ಅವರು ಇಳಿಸುವುದು ಯಾಕೆಂದು ಆಗ ಗೊತ್ತಾಯಿತು.

ಮೂಲೆಯಲ್ಲಿಟ್ಟರೆ ಕೋಣೆಯ ಎಲ್ಲ ಸ್ವರಗಳೂ ಒಟ್ಟಿಗೆ ಎದ್ದೇಳುತ್ತವೆ. ಅಗಲದ ಸರಿ ನಡುವೆ ಇಟ್ಟರೆ ಆ 48 ಏಳುವುದೇ ಇಲ್ಲ, ಯಾಕೆಂದರೆ ಆ ಅಲೆಗೆ ನಡುವೆ ಒತ್ತಡವೇ ಇಲ್ಲ. ಪೆಟ್ಟಿಗೆಯನ್ನು ಟಿವಿಯ ಕೆಳಗೆ, ಗೋಡೆಯ ಮಧ್ಯಕ್ಕೆ ಜರುಗಿಸಿದೆ. ಹೊಂಡವೂ ಗುಡ್ಡವೂ ಒಟ್ಟಿಗೆ ಹೋದವು. ಇಷ್ಟಕ್ಕೆ ಒಂದು ರೂಪಾಯಿ ಖರ್ಚಿಲ್ಲ. ಹಿಂದಿನ ಗೋಡೆಗೆ ಅಂಟಿಕೊಂಡಿದ್ದ ಸೋಫಾವನ್ನು ಎರಡೂವರೆ ಅಡಿ ಮುಂದೆ ಎಳೆದಾಗ, ಉದ್ದದ ಸ್ವರದ ಇಮ್ಮಡಿಯಾದ 69ರ ಗುಡ್ಡ ಚೆನ್ನಾಗಿ ತಗ್ಗಿತು. 34 ಮಾತ್ರ ಜಗ್ಗಲಿಲ್ಲ. ಅದನ್ನು ಈಕ್ವಲೈಜರ್‌ನಲ್ಲಿ (ಬೇಕಾದ ಸ್ವರವನ್ನು ಮಾತ್ರ ಏರಿಸಿ ಇಳಿಸುವ ಸೆಟ್ಟಿಂಗ್) 6 ಡೆಸಿಬೆಲ್ ಕತ್ತರಿಸಿದೆ. ಗುಡ್ಡ ಕತ್ತರಿಸಬಹುದು, ಹೊಂಡ ತುಂಬಿಸಲು ಹೋಗಬೇಡಿ. ಆಂಪ್ಲಿಫೈಯರ್ ಬಿಸಿಯಾಗುತ್ತದೆ ಅಷ್ಟೇ, ಕಿವಿಗೆ ಏನೂ ಬರುವುದಿಲ್ಲ.

ಇನ್ನು ಕೊಡಪಾನದ ವಿಷಯ. ಸ್ಪೀಕರ್‌ಗಳನ್ನು ನಡೆಸುವ ರಿಸೀವರ್‌ನಲ್ಲಿ ಕ್ರಾಸ್‌ಓವರ್, ಅಂದರೆ ಎಷ್ಟರಿಂದ ಕೆಳಗಿನ ಸ್ವರ ಸಬ್‌ವೂಫರ್‌ಗೆ ಹೋಗಬೇಕೆಂಬ ಗಡಿ, 120 ಹರ್ಟ್ಝ್‌ಗೆ ಇತ್ತು. ಗಂಡಸರ ಸ್ವರದ ಬುಡ ಅದಕ್ಕಿಂತ ಕೆಳಗೂ ಇಳಿಯುತ್ತದೆ, ಹಾಗಾಗಿ ಅರ್ಥ ಹೇಳುವವರ ಮಾತಿನ ಅಡಿಭಾಗ ಸಬ್‌ವೂಫರ್‌ನಿಂದ, ಉಳಿದದ್ದು ಸ್ಪೀಕರ್‌ನಿಂದ ಬರುತ್ತಿತ್ತು. 80ಕ್ಕೆ ಇಳಿಸಿದೆ. ಸಬ್‌ವೂಫರ್‌ನ ಹಿಂದಿರುವ ಅದರದೇ ಕ್ರಾಸ್‌ಓವರ್ ತಿರುಪನ್ನು ಪೂರ್ತಿ ಮೇಲಕ್ಕೆ ತಿರುಗಿಸಿಡಬೇಕು, ಇಲ್ಲವಾದರೆ ಎರಡು ಕಡೆ ಕತ್ತರಿ ಬೀಳುತ್ತದೆ. ಆಮೇಲೂ 80ರ ಹತ್ತಿರ ಒಂದು ತಗ್ಗು ಉಳಿದಿತ್ತು. ಸಬ್‌ವೂಫರ್‌ನ ಅಲೆಯನ್ನು ತಿರುವುಮುರುವು ಮಾಡುವ ಫೇಸ್ ಸ್ವಿಚ್ಚನ್ನು 0ಯಿಂದ 180 ಡಿಗ್ರಿಗೆ ಹಾಕಿದೊಡನೆ ತುಂಬಿತು. ನಿಮ್ಮಲ್ಲಿ 0ಯೇ ಸರಿಯಾಗಬಹುದು, ಎರಡನ್ನೂ ಅಳೆದು ನೋಡಿ. ಈಗ ಮದ್ದಳೆಯ ಗುಂಕಿಗೆ ತೂಕ ಇದೆ, ಮಾತು ಮಾತಾಗಿಯೇ ಕೇಳುತ್ತದೆ.

ಶೋಕೇಸಿನ ಸ್ಟೀಲ್ ತಟ್ಟೆಗಳು ಗಲಗಲ ಅನ್ನುತ್ತಿದ್ದದ್ದನ್ನೂ ಈ ಸಾಫ್ಟ್‌ವೇರ್‌ನಿಂದಲೇ ಹಿಡಿದೆ. ಒಂದೇ ಸ್ವರವನ್ನು ಬಿಡದೆ ನುಡಿಸುತ್ತಾ ಕೋಣೆಯಲ್ಲಿ ಒಂದು ಸುತ್ತು ಬಂದರೆ ಯಾವುದು ನಡುಗುತ್ತದೆಂದು ಸಿಕ್ಕಿಬೀಳುತ್ತದೆ.

ಕೊರತೆ ಇಲ್ಲವೆಂದಲ್ಲ. ಕಲಿಯಲು ಹೊತ್ತು ಬೇಕು, ನನಗೆ ಮೂರು ಭಾನುವಾರ ಹೋಯಿತು. ಫ್ಯಾನ್ ನಿಲ್ಲಿಸಿ, ಮೈಕನ್ನು ಕಿವಿಯ ಎತ್ತರಕ್ಕೆ ಕ್ಯಾಮೆರಾ ಸ್ಟ್ಯಾಂಡಿನಲ್ಲಿ ನಿಲ್ಲಿಸಿ ಅಳೆಯಬೇಕು. ಜೊತೆಗೆ ಕೊಡುವ ಪುಟ್ಟ ಸ್ಟ್ಯಾಂಡ್ ಮೇಜಿನ ಮೇಲಿಡುವಂಥದ್ದು, ಸೋಫಾಕ್ಕೆ ಆಗುವುದಿಲ್ಲ. ಕಿಟಕಿ ಬಾಗಿಲು ತೆರೆದರೆ ಗೆರೆಯೇ ಬೇರೆ. ಏಪ್ರಿಲ್‌ನಲ್ಲಿ ನಾವು ಯಾರೂ ಮುಚ್ಚಿ ಕೂರುವುದಿಲ್ಲವಾದ್ದರಿಂದ ತೆರೆದೇ ಒಮ್ಮೆ ಅಳೆದು ಅದಕ್ಕೊಂದು ಸೆಟ್ಟಿಂಗ್ ಉಳಿಸಿಟ್ಟಿದ್ದೇನೆ. ನಮ್ಮ ಕಡೆಯ ಫಂಗಸ್‌ಗೆ ಹೆದರಿ ಮೈಕನ್ನು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಗಾಳಿಯಾಡದ ಡಬ್ಬಿಯಲ್ಲಿಡುತ್ತೇನೆ. ಎರಡು ಮಳೆಗಾಲ ಕಳೆದರೂ ಏನೂ ಆಗಿಲ್ಲ.

ಹೊಸ ಸಬ್‌ವೂಫರ್ ತೆಗೆದುಕೊಳ್ಳಲು ಹೊರಟವರು ಮೊದಲು ಈಗಿರುವುದನ್ನು ಅಳೆದು ನೋಡಿ ಎಂದು ಕೇಳಿಕೊಳ್ಳುತ್ತೇನೆ. ಬದಿಯಡ್ಕ, ನೀರ್ಚಾಲು, ಪೆರ್ಲದ ಸುತ್ತಮುತ್ತಲಿನವರಾದರೆ ನನ್ನ ಮೈಕನ್ನೇ ಕೊಡುತ್ತೇನೆ, ಬೇಕಿದ್ದರೆ ಬಂದು ಅಳೆದೂ ಕೊಡುತ್ತೇನೆ. ಜೂನ್‌ಗೆ ಮೊದಲು ಹೇಳಿ. ಮಳೆ ಹಿಡಿದ ಮೇಲೆ ಮೈಕ್‌ಗೆ ಮಳೆಯದೇ ಸದ್ದು.