ರೀಸೆಟ್ ಆಗಿದೆ ಎಂದು ನಂಬಿ ಬೀಗ ಬಿದ್ದ ಫೋನನ್ನು ಕೊಂಡೆ. ಸೆಕೆಂಡ್ ಹ್ಯಾಂಡ್ ಫೋನ್ ಕೊಳ್ಳುವವರು ದಯವಿಟ್ಟು ಓದಿ

ಇದನ್ನು ಬರೆಯಲು ನನಗೆ ಮೂರು ವಾರ ಹಿಡಿಯಿತು. ಸಮಯವಿರಲಿಲ್ಲವೆಂದಲ್ಲ, ನಾಚಿಕೆಯಾಗುತ್ತಿತ್ತು. ಮನೆಯಲ್ಲಿ, ನೆಂಟರಲ್ಲಿ, ಕೆಲಸದ ಜಾಗದಲ್ಲಿ ಯಾರ ಫೋನು ಹಟ ಹಿಡಿದರೂ ಅದು ಮೊದಲು ನನ್ನ ಕೈಗೇ ಬರುತ್ತದೆ. ಹತ್ತಾರು ಜನರಿಗೆ ಫ್ಯಾಕ್ಟರಿ ರೀಸೆಟ್ ಮಾಡುವುದನ್ನು, ಅಂದರೆ ಒಳಗಿರುವುದನ್ನೆಲ್ಲ ಅಳಿಸಿ ಫೋನನ್ನು ಹೊಸದರಂತೆ ಮಾಡುವುದನ್ನು, ಹೇಳಿಕೊಟ್ಟವನು ನಾನು. ಅಂಥ ನನ್ನ ಕಣ್ಣೆದುರಿಗೇ ಒಬ್ಬರು ಫೋನನ್ನು ರೀಸೆಟ್ ಮಾಡಿ, ನನ್ನ ಕೈಗಿಟ್ಟು, ದುಡ್ಡಿನ ಜೊತೆಗೆ ನನ್ನ ಹಳೆಯ ಫೋನನ್ನೂ ತೆಗೆದುಕೊಂಡು ಹೋದರು. ನಾನು ಕೈಕುಲುಕಿ, ಧನ್ಯವಾದ ಹೇಳಿ ಕಳಿಸಿದೆ.

ವ್ಯವಹಾರ ಎಲ್ಲರಿಗೂ ಗೊತ್ತಿರುವಂಥದ್ದೇ. ಜಾಹೀರಾತು ನೋಡಿ ಮಾತಾಡಿದೆವು, ನನ್ನ ಹಳೆಯ ಫೋನನ್ನು ಎಕ್ಸ್‌ಚೇಂಜ್‌ಗೆ ಕೊಟ್ಟು ಉಳಿದದ್ದನ್ನು ಹಣವಾಗಿ ಕೊಡುವುದೆಂದು ಒಪ್ಪಿಕೊಂಡೆವು, ಜನ ಓಡಾಡುವ ಜಾಗದಲ್ಲಿ ಭೇಟಿಯಾದೆವು. ನಾನು ನೋಡಬೇಕಾದದ್ದನ್ನೆಲ್ಲ ನೋಡಿದೆನೆಂದೇ ಭಾವಿಸಿದ್ದೆ. ಗಾಜಿನ ಮೇಲೆ ಗೀರಿಲ್ಲ, ಚಾರ್ಜಿಂಗ್ ಪಿನ್ ಸಡಿಲವಾಗಿಲ್ಲ, ಡಬ್ಬಿಯ ಮೇಲಿನ 15 ಅಂಕಿಗಳ ಐಎಂಇಐ ಸಂಖ್ಯೆ (ಪ್ರತಿ ಫೋನಿಗೂ ಇರುವ ಗುರುತಿನ ಸಂಖ್ಯೆ) ಸಿಮ್ ಟ್ರೇಯ ಮೇಲಿನದಕ್ಕೆ ಸರಿಯಾಗಿ ಹೊಂದುತ್ತದೆ. ಆದರೆ ಫೋನು ಆಫ್ ಆಗಿತ್ತು. ಆನ್ ಮಾಡಿ ತೋರಿಸಿ ಎಂದಾಗ ಅವರು, 'ಒಳಗೆ ನಮ್ಮ ಮನೆಯವರ ಫೋಟೋಗಳಿವೆ ಸರ್, ನಿಮ್ಮ ಎದುರಿಗೇ ಪೂರ್ತಿ ಅಳಿಸಿ ಕೊಡುತ್ತೇನೆ, ಆಮೇಲೆ ನಿಮಗೂ ಅನುಮಾನ ಬೇಡ, ನನಗೂ ಬೇಡ' ಎಂದರು. ಎಷ್ಟು ಜವಾಬ್ದಾರಿಯ ಮನುಷ್ಯ ಎಂದುಕೊಂಡೆ. ನಿಜವಾಗಿಯೂ ಹಾಗೆಯೇ ಅಂದುಕೊಂಡೆ.

ಪವರ್ ಬಟನ್ನನ್ನೂ ವಾಲ್ಯೂಮ್ ಬಟನ್ನನ್ನೂ ಒಟ್ಟಿಗೆ ಹಿಡಿದರು, ಕಪ್ಪು ಪರದೆಯ ಮೇಲೆ ರಿಕವರಿ ಮೆನು ಬಂತು, ವಾಲ್ಯೂಮ್ ಕೀಲಿಯಿಂದ ಕೆಳಗಿಳಿದು ಡೇಟಾ ಅಳಿಸುವ ಸಾಲನ್ನು ಆರಿಸಿದರು, ಕೆಲವು ನಿಮಿಷಗಳಲ್ಲಿ ಫೋನು ತಾನಾಗಿ ಆಫ್ ಆಗಿ ಮತ್ತೆ ಹೊತ್ತಿಕೊಂಡಿತು. ಸ್ವಾಗತದ ಪರದೆ, ಭಾಷೆ ಆರಿಸಿಕೊಳ್ಳಿ ಎಂಬ ಸಾಲು. 'ಹೊಸದರ ಹಾಗೆಯೇ ಇದೆ ನೋಡಿ' ಎಂದರು. ನಾನು ನೋಡಿದೆ. ಹೊಸದರ ಹಾಗೆಯೇ ಇತ್ತು.

ನಾನು ಕೇಳಬೇಕಾಗಿದ್ದ ಪ್ರಶ್ನೆ ಒಂದೇ. ತನ್ನದೇ ಫೋನನ್ನು ತಾನೇ ಅಳಿಸುವವನಿಗೆ ಬಟನ್ ಹಿಡಿಯುವ ಕಸರತ್ತು ಏಕೆ ಬೇಕು? ಸೆಟ್ಟಿಂಗ್ಸ್‌ನ ಒಳಗೆ ಹೋಗಿ ರೀಸೆಟ್ ಒತ್ತಿದರೆ ಅದು ಪಿನ್ ಅಥವಾ ಪ್ಯಾಟರ್ನ್ ಕೇಳುತ್ತದೆ, ಗೊತ್ತಿದ್ದವರು ಹಾಕುತ್ತಾರೆ, ಕೆಲಸ ಮುಗಿಯುತ್ತದೆ. ರಿಕವರಿಯ ದಾರಿ ಏನನ್ನೂ ಕೇಳುವುದಿಲ್ಲ, ಏಕೆಂದರೆ ಅದು ಫೋನು ಒಳಗಿನಿಂದ ತೆರೆಯದಿದ್ದಾಗ ಹಿಡಿಯುವ ದಾರಿ. ಇದು ನನಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಆ ಬೆರಳುಗಳ ವೇಗವನ್ನು ನೋಡಿ, ತಿಳಿದ ಮನುಷ್ಯ ಎಂದು ಮೆಚ್ಚಿಕೊಂಡು ನಿಂತಿದ್ದೆ.

ಮನೆಗೆ ಬಂದು ವೈಫೈ ಜೋಡಿಸಿದೆ. ಸ್ವಲ್ಪ ಹೊತ್ತು ಏನನ್ನೋ ಪರಿಶೀಲಿಸಿದ ಫೋನು, ಈ ಸಾಧನವನ್ನು ರೀಸೆಟ್ ಮಾಡಲಾಗಿದೆ, ಮುಂದುವರಿಯಲು ಇದರಲ್ಲಿ ಹಿಂದೆ ಇದ್ದ ಗೂಗಲ್ ಖಾತೆಯಿಂದ ಸೈನ್ ಇನ್ ಮಾಡಿ ಎಂದಿತು. ನನ್ನ ಖಾತೆ ಹಾಕಿದೆ, ಒಪ್ಪಲಿಲ್ಲ. ಹಿಂದಕ್ಕೆ ಹೋಗಿ ಮತ್ತೆ ಬಂದೆ, ಅದೇ ಪರದೆ. ಆ ಕ್ಷಣ ಹೊಟ್ಟೆಯಲ್ಲಿ ಆದ ತಳಮಳ ಇನ್ನೂ ಹೋಗಿಲ್ಲ. 2015ರಲ್ಲಿ ಆಂಡ್ರಾಯ್ಡ್ 5.1ರ ಜೊತೆಗೆ ಬಂದ ರಕ್ಷಣೆಯಿದು: ಕದ್ದವನು ಬಟನ್ ಹಿಡಿದು ಎಲ್ಲವನ್ನೂ ಅಳಿಸಿದರೂ, ಹಳೆಯ ಒಡೆಯನ ಖಾತೆಯೋ ಪ್ಯಾಟರ್ನೋ ಇಲ್ಲದೆ ಫೋನು ಬಳಕೆಗೆ ಬಾರದಿರಲಿ ಎಂದು ಮಾಡಿದ ಏರ್ಪಾಡು. ಕದ್ದವನಿಗಾಗಿ ಮಾಡಿದ ಬೀಗದ ಎದುರು ದುಡ್ಡು ಕೊಟ್ಟವನು ಕುಳಿತಿದ್ದೆ.

ಮಾರಿದವರಿಗೆ ಫೋನ್ ಮಾಡಿದೆ. ನನ್ನ ಹತ್ತಿರ ಉಪಯೋಗಿಸುವಂಥ ಫೋನೇ ಇರಲಿಲ್ಲವಾದ್ದರಿಂದ ಹೆಂಡತಿಯ ಫೋನಿನಿಂದ ಮಾಡಿದೆ. ಮೊದಲ ಉತ್ತರ: 'ರೀಸೆಟ್ ಮಾಡಿದ್ದನ್ನು ನೀವೇ ನೋಡಿದ್ದೀರಲ್ಲ ಸರ್.' ಎರಡನೆಯದು: 'ವೈಫೈ ಹಾಕಬೇಡಿ, ಹಾಗೇ ಸ್ಕಿಪ್ ಮಾಡಿ.' ಸ್ಕಿಪ್ ಮಾಡಲು ಬರುವುದಿಲ್ಲ, ಬೀಗ ಬಿದ್ದ ಫೋನು ಇಂಟರ್ನೆಟ್ ಇಲ್ಲದೆ ಮುಂದಕ್ಕೆ ಬಿಡುವುದೇ ಇಲ್ಲ. ಹಾಗಾದರೆ ಬಂದು ನಿಮ್ಮ ಪಾಸ್‌ವರ್ಡ್ ನೀವೇ ಹಾಕಿಕೊಡಿ ಎಂದೆ. ಪಾಸ್‌ವರ್ಡ್ ಮರೆತಿದೆ, ಬದಲಾಯಿಸಿ ನಾಳೆ ಬರುತ್ತೇನೆ ಎಂದರು. ಮರುದಿನ ಬಂದ ಸಂದೇಶ: 'ಈಗಷ್ಟೇ ಬದಲಾಯಿಸಿದೆ, 24 ಗಂಟೆ ಕಾಯಬೇಕು.' ಪಾಸ್‌ವರ್ಡ್ ಬದಲಾಯಿಸಿದ 24 ಗಂಟೆಯೊಳಗೆ ರೀಸೆಟ್ ಮಾಡಬೇಡಿ ಎಂದು ಗೂಗಲ್ಲೇ ಹೇಳುವುದರಿಂದ ಇದನ್ನು ನಂಬಿದೆ. ಸುಳ್ಳು ಹೇಳುವವರು ನಿಜವಾದ ನಿಯಮವನ್ನೇ ಹಿಡಿದುಕೊಂಡರೆ ನಮ್ಮಂಥವರು ಬೇಗ ನಂಬುತ್ತೇವೆ. ಅದರ ಮರುದಿನ ಮತ್ತೆ ಅದೇ 24 ಗಂಟೆ. ಐದನೆಯ ದಿನ ನಿಜ ಹೊರಬಿತ್ತು: 'ಆ ಖಾತೆ ನನ್ನದಲ್ಲ ಸರ್, ನನಗೆ ಮಾರಿದವರದು, ಅವರು ಸಿಗುತ್ತಿಲ್ಲ.' ಅಂದರೆ ಮನೆಯವರ ಫೋಟೋ ಸುಳ್ಳು, ಮರೆತ ಪಾಸ್‌ವರ್ಡ್ ಸುಳ್ಳು, ಆತ ಆ ಫೋನಿನ ಒಳಗನ್ನು ಒಂದು ದಿನವೂ ಕಂಡವನಲ್ಲ. ಬಹುವಚನದ ಮರ್ಯಾದೆ ನನ್ನ ಕಡೆಯಿಂದ ಅಲ್ಲಿಗೆ ಮುಗಿಯಿತು.

ನಂತರದ ಸಲಹೆಯನ್ನೂ ಕೇಳಿ. 'ಬೈಪಾಸ್ ಮಾಡುವ ಸಾಫ್ಟ್‌ವೇರ್ ಇದೆ, ಲಿಂಕ್ ಕಳಿಸುತ್ತೇನೆ' ಎಂದ. ಯಾರದೋ ಫೋನಿನ ಬೀಗವನ್ನು ಯಾರದೋ ಪ್ರೋಗ್ರಾಂ ಹಾಕಿ ಮುರಿದು, ಆಮೇಲೆ ಅದೇ ಫೋನಿನಲ್ಲಿ ನನ್ನ ಬ್ಯಾಂಕಿನ ಆ್ಯಪ್ ತೆರೆಯಬೇಕಂತೆ. ಅದೂ ಅಲ್ಲದೆ 2024ರ ಆಂಡ್ರಾಯ್ಡ್ 15ರಿಂದ ಈಚೆಗೆ ಸೆಟಪ್ ಪುಟಗಳನ್ನು ಹೇಗೋ ದಾಟಿದರೂ ಬೀಗ ಕಳಚಿಕೊಳ್ಳುವುದಿಲ್ಲ. ಐಫೋನ್ ಆಗಿದ್ದರೆ ನಿಜವಾದ ಒಡೆಯ ಎಲ್ಲೇ ಇದ್ದರೂ ಆಪಲ್‌ನ ತನ್ನ ಐಕ್ಲೌಡ್ ಖಾತೆಯಿಂದ ಅದನ್ನು ತೆಗೆದುಹಾಕಬಹುದಿತ್ತು. ಇಲ್ಲಿ ಆ ಒಡೆಯ ಯಾರೆಂಬುದೇ ತಿಳಿಯದು. ಫೋನು ಕದ್ದ ಮಾಲಾಗಿರಬಹುದು ಎಂಬ ಯೋಚನೆ ನನಗೆ ಬಂದದ್ದು, ಇನ್ನೂ ನಾಚಿಕೆಯ ಸಂಗತಿಯೆಂದರೆ, ಆರನೆಯ ದಿನ.

ಇನ್ನು ನನ್ನದೇ ಮೂರ್ಖತನ. ನನ್ನ ಹಳೆಯ ಫೋನನ್ನು ನಾನು ಅಲ್ಲೇ ನಿಂತು, ಕ್ರಮವಾಗಿ, ಮೊದಲು ಖಾತೆಯನ್ನು ತೆಗೆದು, ಪಿನ್ ಹಾಕಿ, ಸೆಟ್ಟಿಂಗ್ಸ್‌ನಿಂದಲೇ ರೀಸೆಟ್ ಮಾಡಿದೆ. ಕೊಡುವವನಾಗಿ ನಾನು ಮಾಡಿದ್ದೆಲ್ಲವೂ ಸರಿಯಾಗಿಯೇ ಇತ್ತು, ಮಾಡಿದ ಹೊತ್ತು ಮಾತ್ರ ತಪ್ಪು. ಹೊಸ ಫೋನಿನಲ್ಲಿ ಹೋಂ ಸ್ಕ್ರೀನ್ ಕಾಣುವ ಮೊದಲೇ ಹಳೆಯದನ್ನು ಅಳಿಸಿಬಿಟ್ಟಿದ್ದೆ. ಎರಡು ಹಂತದ ಲಾಗಿನ್‌ಗೆ ಬೇಕಾದ ಕೋಡುಗಳನ್ನು ತೋರಿಸುವ ಆ್ಯಪ್ ಅದರಲ್ಲಿತ್ತು. ಗೂಗಲ್ ಅಥೆಂಟಿಕೇಟರ್ ಎಂಬ ಆ ಆ್ಯಪ್ 2023ರಿಂದ ಕೋಡುಗಳನ್ನು ಗೂಗಲ್ ಖಾತೆಯಲ್ಲೂ ಉಳಿಸಿಡುತ್ತದೆ, ಆದರೆ ನಾನು ಅದರೊಳಗೆ ಸೈನ್ ಇನ್ ಆಗಿರಲೇ ಇಲ್ಲ. ಫೋನು ಕೈಯಲ್ಲಿಲ್ಲದಾಗ ಬಳಸಲೆಂದು ಗೂಗಲ್ ಕೊಡುವ ಹತ್ತು ಬ್ಯಾಕಪ್ ಕೋಡುಗಳು? ಅವುಗಳ ಸ್ಕ್ರೀನ್‌ಶಾಟ್ ಅದೇ ಫೋನಿನಲ್ಲಿತ್ತು. ಬೀಗದಕೈಯನ್ನು ಬೀರುವಿನೊಳಗೇ ಇಟ್ಟು ಬೀರುವಿಗೆ ಬೀಗ ಹಾಕಿದಂತಾಯಿತು. ವಾಟ್ಸ್ಆ್ಯಪ್ ಬ್ಯಾಕಪ್ ಇದೆಯಲ್ಲ ಎಂಬ ಧೈರ್ಯವೂ ಉಳಿಯಲಿಲ್ಲ. ಗೂಗಲ್ ಖಾತೆಯಲ್ಲಿ ಉಚಿತವಾಗಿ ಸಿಗುವ 15 ಜಿಬಿ ಜಾಗ ಯಾವಾಗಲೋ ತುಂಬಿ, ಬ್ಯಾಕಪ್ ಐದು ತಿಂಗಳ ಹಿಂದೆಯೇ ನಿಂತಿತ್ತು.

ಇದನ್ನೂ ಆತನಿಗೆ ಹೇಳಿದೆ, ಏಕೆ ಹೇಳಿದೆನೋ ತಿಳಿಯದು. 'ಅಳಿಸಿದ್ದನ್ನು ವಾಪಸ್ ತೆಗೆಯುವವರು ಗೊತ್ತಿದ್ದಾರೆ, ಖರ್ಚು ನಿಮ್ಮದು' ಎಂದ. ಈ ಮಾತಿಗೆ ಮಾತ್ರ ನಾನು ಮೋಸಹೋಗಲಿಲ್ಲ. ಈಚಿನ ಫೋನುಗಳಲ್ಲಿ ಡೇಟಾ ಗೂಢಲಿಪಿಯಲ್ಲಿರುತ್ತದೆ, ರೀಸೆಟ್ ಆದಾಗ ಅದನ್ನು ಬಿಡಿಸುವ ಕೀಲಿಯೇ ನಾಶವಾಗುತ್ತದೆ, ಆಮೇಲೆ ಯಾವ ಪರಿಣತನಿಗೆ ಎಷ್ಟು ಕೊಟ್ಟರೂ ಸಿಗುವುದು ಅರ್ಥವಿಲ್ಲದ ಅಂಕಿಗಳಷ್ಟೇ.

ಆದರೆ ರೀಸೆಟ್ ಮೆಮೊರಿ ಕಾರ್ಡನ್ನು ತಾನಾಗಿ ಅಳಿಸುವುದಿಲ್ಲ. ನನ್ನ ಕಾರ್ಡು ಟ್ರೇಯಲ್ಲೇ ಉಳಿದಿತ್ತು, ಗೂಢಲಿಪಿಯೂ ಇಲ್ಲ ಏನೂ ಇಲ್ಲ, ಗುರುತಿನ ಪತ್ರಗಳ ಸ್ಕ್ಯಾನ್‌ಗಳೂ ಏಳು ವರ್ಷದ ಫೋಟೋಗಳೂ ಹಾಗೆಯೇ ಇದ್ದವು. ಸಿಮ್ ತೆಗೆದ ನನಗೆ ಪಕ್ಕದ ಕಾರ್ಡು ಕಾಣಲಿಲ್ಲ. ಕೇಳಿದ್ದಕ್ಕೆ ಬಂದ ಉತ್ತರ: 'ಟ್ರೇ ಖಾಲಿ ಇತ್ತು ಸರ್. ಸರಿಯಾಗಿ ನೆನಪು ಮಾಡಿಕೊಳ್ಳಿ.'

ಕೊಳ್ಳುವವರಿಗೆ ನಾನು ಹೇಳುವುದಿಷ್ಟು. ಸ್ವಾಗತದ ಪರದೆಗೆ ದುಡ್ಡು ಕೊಡಬೇಡಿ. ಅಲ್ಲೇ ನಿಂತು, ಯಾರದಾದರೂ ಹಾಟ್‌ಸ್ಪಾಟ್ ತೆಗೆದುಕೊಂಡು, ನಿಮ್ಮ ಖಾತೆ ಹಾಕಿ, ಹೋಂ ಸ್ಕ್ರೀನ್ ಬಂದು, ಕ್ಯಾಮೆರಾ ತೆರೆಯುವ ತನಕ ಹಣದ ಮೇಲಿನ ಕೈ ತೆಗೆಯಬೇಡಿ. 'ಇಷ್ಟೊಂದು ಅನುಮಾನವೇ ಸರ್' ಎಂದು ಯಾರಾದರೂ ಕೇಳಿದರೆ ಹೌದು ಎನ್ನಿ. ಬಟನ್ ಹಿಡಿದು ರೀಸೆಟ್ ಮಾಡುವವರನ್ನು ಕಂಡರೆ ಎದ್ದು ಬನ್ನಿ. ನಿಮ್ಮ ಹಳೆಯ ಫೋನನ್ನು ಮೂರು ದಿನವಾದರೂ ಮನೆಯಲ್ಲಿಟ್ಟುಕೊಂಡು ಆಮೇಲೆ ಅಳಿಸಿ, ಟ್ರೇಯನ್ನು ಎರಡು ಸಲ ನೋಡಿ.

ದೂರು ಕೊಟ್ಟಿದ್ದೇನೆ, ಬೀಗ ಬಿದ್ದ ಫೋನನ್ನು ಡಬ್ಬಿಯ ಸಮೇತ ಒಪ್ಪಿಸಿದ್ದೇನೆ. ನಿನ್ನೆ ರಾತ್ರಿ ಹೆಂಡತಿ ಒಂದು ಹೊಸ ಜಾಹೀರಾತು ತೋರಿಸಿದಳು. ಮೂಲೆಯಲ್ಲಿ ಅದೇ ಗೀರು, ನನ್ನದೇ ಹಳೆಯ ಫೋನು. 'ಒಬ್ಬರೇ ಬಳಸಿದ್ದು, ಪೂರ್ತಿ ರೀಸೆಟ್ ಆಗಿದೆ, ಯಾವ ಲಾಕ್ ಇಲ್ಲ' ಎಂದು ಬರೆದಿದ್ದಾನೆ, ಅದಷ್ಟೂ ನಿಜ. ಅದರ ಕೆಳಗೆ 'ಮೆಮೊರಿ ಕಾರ್ಡ್ ಉಚಿತ' ಎಂದಿದೆ. ಆ ಪುಟವನ್ನು ಹಾಗೆಯೇ ಉಳಿಸಿಕೊಂಡು ಈ ಬೆಳಿಗ್ಗೆ ದೂರಿನ ಜೊತೆಗೆ ಸೇರಿಸಿ ಬಂದಿದ್ದೇನೆ.