ಕೊಲಾಜನ್ ಪುಡಿ: ಒಣಚರ್ಮಕ್ಕೆ ಅಲ್ಪಸ್ವಲ್ಪ, ಮೊಡವೆಗೆ ಏನೂ ಇಲ್ಲ

ಮೊಡವೆ ಹೋಗಿ ಮುಖ ತಿಳಿಯಾಗಲಿ ಎಂದು ಕೊಲಾಜನ್ ಪುಡಿ ಕೊಳ್ಳಲು ಹೊರಟಿದ್ದರೆ, ಬೇಡ. ಮೊಡವೆ ಏಳುವುದು ರೋಮದ ಬುಡದಲ್ಲಿ ಜಿಡ್ಡೂ ಸತ್ತ ಜೀವಕೋಶಗಳೂ ಕಟ್ಟಿಕೊಂಡು ಉರಿಯೂತ ಶುರುವಾದಾಗ. ಕೊಲಾಜನ್ ಚರ್ಮದ ಒಳಪದರಕ್ಕೆ ಬಿಗಿ ಕೊಡುವ ನಾರು. ಜಿಡ್ಡಿನ ಗ್ರಂಥಿ ಅದರ ಮಾತು ಕೇಳುವುದಿಲ್ಲ.

ಒಣಗಿದ, ಬಿಗಿ ಸಡಿಲವಾದ ಚರ್ಮದ ವಿಷಯ ಬೇರೆ. ದಿನಕ್ಕೆ 2.5ರಿಂದ 10 ಗ್ರಾಂವರೆಗೆ 8–12 ವಾರ ಕೊಟ್ಟ ಹಲವು ಪ್ರಯೋಗಗಳಲ್ಲಿ ಚರ್ಮದ ತೇವ ಮತ್ತು ಬಿಗಿ ಸ್ವಲ್ಪ ಸುಧಾರಿಸಿದೆ. ಆದರೆ ಅವುಗಳಲ್ಲಿ ಬಹಳಷ್ಟಕ್ಕೆ ಹಣ ಹಾಕಿದವರು ತಯಾರಕರೇ. ಅಂಥ ಹಣವಿಲ್ಲದ ಪ್ರಯೋಗಗಳನ್ನಷ್ಟೇ ಆರಿಸಿ ನೋಡಿದರೆ ಆ ಲಾಭವೂ ಸರಿಯಾಗಿ ಕಾಣುವುದಿಲ್ಲ. ಹಾಗಾಗಿ ನಿರೀಕ್ಷೆ ಚಿಕ್ಕದಿರಲಿ.

ಕೊಳ್ಳುವುದೇ ಆದರೆ ಡಬ್ಬದ ಮುಂಭಾಗ ಬಿಟ್ಟು ಹಿಂಭಾಗ ಓದಿ. ‘ಹೈಡ್ರೊಲೈಸ್ಡ್ ಕೊಲಾಜನ್’ ಅಥವಾ ‘ಕೊಲಾಜನ್ ಪೆಪ್ಟೈಡ್’ ಎಂದಿರಬೇಕು, ಅಂದರೆ ಚಿಕ್ಕ ತುಣುಕುಗಳಾಗಿ ಒಡೆದ ಕೊಲಾಜನ್. ಆಮೇಲೆ ಪ್ರೋಟೀನಿನ ಲೆಕ್ಕ ನೋಡಿ. 10 ಗ್ರಾಂ ಪುಡಿಯಲ್ಲಿ 9 ಗ್ರಾಂ ಪ್ರೋಟೀನ್ ಇದ್ದರೆ ಅದು ಹೆಚ್ಚುಕಡಿಮೆ ಶುದ್ಧ ಪುಡಿ. 5 ಗ್ರಾಂ ಮಾತ್ರ ಇದ್ದರೆ ಉಳಿದರ್ಧ ಸಾಮಾನ್ಯವಾಗಿ ಸಕ್ಕರೆ, ಮಾಲ್ಟೊಡೆಕ್ಸ್‌ಟ್ರಿನ್ ಎಂಬ ಪಿಷ್ಟದ ಪುಡಿ, ಪರಿಮಳ. ಚರ್ಮಕ್ಕೆ ಅದರಿಂದ ಪ್ರಯೋಜನವಿಲ್ಲ. ಮೂಲವೂ ಮುಖ್ಯ: ಮೀನು, ದನ ಇಲ್ಲವೇ ಹಂದಿ. ಮೀನಿನ ಅಲರ್ಜಿ ಇದ್ದವರು ‘ಮರೀನ್’ ಎಂದಿರುವುದನ್ನು ಮುಟ್ಟಬಾರದು. ಗಿಡಗಳಲ್ಲಿ ಕೊಲಾಜನ್ ಇಲ್ಲವೇ ಇಲ್ಲ. ‘ಸಸ್ಯಜನ್ಯ’ ಎಂದು ಮಾರುವ ಡಬ್ಬದಲ್ಲಿ ಸಾಮಾನ್ಯವಾಗಿ ಇರುವುದು ವಿಟಮಿನ್ ಸಿ ಮತ್ತು ಗಿಡಮೂಲಿಕೆಗಳ ಸಾರ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. 10 ಗ್ರಾಂ ಪುಡಿಯನ್ನು ಅರ್ಧ ಲೋಟ ಬಿಸಿನೀರಲ್ಲಿ ಕರಗಿಸಿ ಫ್ರಿಜ್ಜಿನಲ್ಲಿ ರಾತ್ರಿಯಿಡೀ ಇಡಿ. ಬೆಳಿಗ್ಗೆ ನೀರಾಗಿಯೇ ಇದ್ದರೆ ಸರಿ. ಜೆಲ್ಲಿಯಂತೆ ಗಟ್ಟಿಯಾಗಿದ್ದರೆ ನಿಮ್ಮ ಕೈಯಲ್ಲಿರುವುದು ಪೆಪ್ಟೈಡ್ ಅಲ್ಲ, ಬರೀ ಜೆಲಾಟಿನ್.

ಕುಡಿಯುವಾಗ ಎದುರಾಗುವ ತೊಂದರೆ ಗಂಟು. ಲೋಟಕ್ಕೆ ಮೊದಲು ಪುಡಿ ಸುರಿದು ಮೇಲೆ ತಣ್ಣೀರು ಹಾಕಿದರೆ ಹೊರಗಿನ ಪದರ ಅಂಟಾಗಿ, ಒಳಗಿನ ಪುಡಿ ಒಣಗಿಯೇ ಉಳಿಯುತ್ತದೆ. ಉಗುರುಬೆಚ್ಚಗಿನ ನೀರು ಮೊದಲು ಹಾಕಿ, ಪುಡಿಯನ್ನು ಸ್ವಲ್ಪಸ್ವಲ್ಪವೇ ಉದುರಿಸುತ್ತ ಕದಡಿ. ಬಿಸಿ ಕಾಫಿ, ಚಹಾಕ್ಕೂ ಹಾಕಬಹುದು, ಪೆಪ್ಟೈಡ್ ಹಾಳಾಗುವುದಿಲ್ಲ. ಆದರೆ ಅದರಲ್ಲೇ ವಿಟಮಿನ್ ಸಿ ಬೆರೆಸಿದ್ದರೆ ಕುದಿಯುವ ಬಿಸಿ ಬೇಡ. ಅಳತೆಗೆ ಚಮಚ ನಂಬಬೇಡಿ, ಪುಡಿ ಬಹಳ ಹಗುರ. ಒಮ್ಮೆ ತೂಕ ಮಾಡಿ ನೋಡಿಕೊಳ್ಳಿ. ಒದ್ದೆ ಚಮಚ ಒಳಗೆ ಹೋದರೆ ಡಬ್ಬವೆಲ್ಲ ಹೆಂಟೆಗಟ್ಟುತ್ತದೆ.

ದೇಹ ತನ್ನ ಕೊಲಾಜನ್ ಕಟ್ಟಲು ವಿಟಮಿನ್ ಸಿ ಬೇಕೇ ಬೇಕು. ಆದರೆ ದಿನಕ್ಕೆ 75–90 ಮಿಲಿಗ್ರಾಂ ಸಾಕು. ಒಂದು ಕಿತ್ತಳೆಯಲ್ಲೇ ಅದರ ಬಹುಪಾಲು ಸಿಗುತ್ತದೆ. ಇನ್ನು ಈ ಪುಡಿಯನ್ನು ಊಟದ ಪ್ರೋಟೀನಿಗೆ ಬದಲಿ ಎಂದು ಎಣಿಸಲೇಬಾರದು. ಇದರಲ್ಲಿ ಟ್ರಿಪ್ಟೊಫ್ಯಾನ್ ಎಂಬ ಅವಶ್ಯ ಅಮೈನೋ ಆಮ್ಲವೇ ಇಲ್ಲ. ತೂಕದ ಪ್ರತಿ ಕಿಲೋಗೆ 0.8 ಗ್ರಾಂ, ಅಂದರೆ 60 ಕಿಲೋ ಇರುವವರಿಗೆ ಸುಮಾರು 48 ಗ್ರಾಂ ಪ್ರೋಟೀನ್ ಕಾಳು, ಮೊಟ್ಟೆ, ಮೀನು, ಮೊಸರಿನಂಥ ಆಹಾರದಿಂದಲೇ ಬರಲಿ.

ನಮಗೆ ನಿಜವಾಗಿ ಭಯ ಹುಟ್ಟಿಸುವುದು ಇದರ ಜೊತೆ ಸೇರಿಸಿದ ಸರಕು. ದಿನಕ್ಕೆ 30 ಮೈಕ್ರೊಗ್ರಾಂ ಸಾಕಾಗುವ ಬಯೋಟಿನ್ ಎಂಬ ಬಿ ವಿಟಮಿನ್ ಅನ್ನು 5,000–10,000 ಮೈಕ್ರೊಗ್ರಾಂ ತುಂಬಿದ ಡಬ್ಬಗಳುಂಟು. ಅಷ್ಟೊಂದು ಬಯೋಟಿನ್ ಥೈರಾಯ್ಡ್ ಪರೀಕ್ಷೆಯನ್ನೂ ಹೃದಯಾಘಾತ ಪತ್ತೆಗೆ ಮಾಡುವ ಟ್ರೊಪೊನಿನ್ ಪರೀಕ್ಷೆಯನ್ನೂ ತಪ್ಪು ತೋರಿಸುವಂತೆ ಮಾಡಬಲ್ಲದು. ರಕ್ತ ಕೊಡುವ ಮುನ್ನ ಇದನ್ನು ವೈದ್ಯರಿಗೆ ಹೇಳಲೇಬೇಕು. ಸತು (ಜಿಂಕ್) ದಿನಕ್ಕೆ 40 ಮಿಲಿಗ್ರಾಂ ದಾಟಿ ತಿಂಗಳುಗಟ್ಟಲೆ ತೆಗೆದುಕೊಂಡರೆ ದೇಹದಲ್ಲಿ ತಾಮ್ರ ಕಡಿಮೆಯಾಗಬಹುದು. ರೆಟಿನಾಲ್ ರೂಪದ ವಿಟಮಿನ್ ಎ ಹೆಚ್ಚಾದರೆ ಗರ್ಭದ ಶಿಶುವಿಗೆ ಅಪಾಯ. ಬಿ12 ದೊಡ್ಡ ಪ್ರಮಾಣದಲ್ಲಿ ಹೋದಾಗ ಕೆಲವರಿಗೆ ಮೊಡವೆಯೇ ಹೆಚ್ಚುತ್ತದೆ, ಹಾಲಿನಿಂದ ತೆಗೆದ ವೇ ಪ್ರೋಟೀನ್ ಬೆರೆಸಿದ ಪುಡಿಯಿಂದಲೂ ಹಾಗಾಗುವುದುಂಟು. ಹಾಗಾಗಿ ಒಂದೇ ಪದಾರ್ಥದ ಡಬ್ಬ ಆರಿಸಿ.

ಮೊಡವೆಗೆ ಆಹಾರದಿಂದ ಏನಾದರೂ ಮಾಡಬೇಕೆಂದರೆ ಸಕ್ಕರೆಯಿಂದ ಶುರುಮಾಡಿ. 2007ರಲ್ಲಿ ಆಸ್ಟ್ರೇಲಿಯಾದಲ್ಲಿ 43 ಯುವಕರ ಮೇಲೆ 12 ವಾರ ನಡೆದ ಪ್ರಯೋಗದಲ್ಲಿ ರಕ್ತದ ಸಕ್ಕರೆಯನ್ನು ಸಟ್ಟನೆ ಏರಿಸದ ಊಟ ಉಂಡವರ ಮೊಡವೆ ಹೆಚ್ಚು ಇಳಿದವು. ಸಿಹಿ ಪಾನೀಯ ಬಿಡುವುದು, ಮೈದಾ ಕಡಿಮೆ ಮಾಡಿ ಕಾಳು ಮತ್ತು ಇಡೀ ಧಾನ್ಯ ಹೆಚ್ಚಿಸುವುದು ಯಾವ ಡಬ್ಬಕ್ಕಿಂತಲೂ ಮೊದಲು ಮಾಡಬೇಕಾದ ಕೆಲಸ. ಗಂಟುಗಂಟಾಗಿ ನೋಯುವ, ಕಲೆ ಉಳಿಸುವ ಮೊಡವೆಗೆ ಊಟ ಬದಲಿಸುತ್ತ ಕೂರಬೇಡಿ, ಚರ್ಮರೋಗ ತಜ್ಞರ ಬಳಿ ಹೋಗಿ.

ಮೂತ್ರಪಿಂಡದ ಕಾಯಿಲೆ ಇರುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಈ ಪುಡಿ ತೆಗೆದುಕೊಳ್ಳುವುದು ಬೇಡ. ಉಳಿದವರು ಒಣಚರ್ಮಕ್ಕೆಂದು ಪ್ರಯತ್ನಿಸುವುದಾದರೆ ದಿನಕ್ಕೆ 5 ಗ್ರಾಂ, ಮೂರು ತಿಂಗಳು. ಆ ಅವಧಿಯಲ್ಲಿ ಹೊಸ ಕ್ರೀಮು ಶುರುಮಾಡಬೇಡಿ, ಯಾವುದರಿಂದ ಏನಾಯಿತೆಂದು ತಿಳಿಯದೆ ಹೋಗುತ್ತದೆ. ಮೊದಲ ದಿನ ಮತ್ತು ಕೊನೆಯ ದಿನ ಒಂದೇ ಕಿಟಕಿಯ ಬೆಳಕಿನಲ್ಲಿ ಫೋಟೊ ತೆಗೆಯಿರಿ. ವ್ಯತ್ಯಾಸ ಕಾಣದಿದ್ದರೆ ಎರಡನೆಯ ಡಬ್ಬ ಬೇಡ.